ನೀರಿನ ಮಾದೇವಿಯ ಬೇಸಿಗೆ

ಮೊನ್ನೆ ಸೊಸೆ ಮಾವಿನ ಮಿಡಿಗೆಂದು ಕಲ್ಲುಪ್ಪಿನ ಚೀಲ ಬಿಚ್ಚಿದಳು. ಹೊಸ ಉಪ್ಪಿಗೊಂದು ವಾಸನೆ ಇರುತ್ತದೆ, ನೀವು ಕರಾವಳಿಯವರಾದರೆ ಬಲ್ಲಿರಿ. ಕೆಸರು, ಬಿಸಿಲು, ಕಡಲು ಮೂರೂ ಅದರಲ್ಲಿವೆ. ಆ ವಾಸನೆಗೆ ಬಾಯಲ್ಲಿ ನೀರೂರಬೇಕಾಗಿತ್ತು. ನನಗೆ ಮಾತ್ರ ಒಬ್ಬ ಹೆಂಗಸಿನ ಒಡೆದ ಹಿಮ್ಮಡಿ ನೆನಪಾಯಿತು.

ಐವತ್ತರ ದಶಕದ ಕೊನೆಯಲ್ಲಿ ನಾನು ಹಿರೇಗುತ್ತಿಯ ಹತ್ತಿರದ ಒಂದು ಸಣ್ಣ ಶಾಲೆಗೆ ಮಾಸ್ತರನಾಗಿ ಹೋದೆ. ಹೊನ್ನಾವರ ಬಿಟ್ಟು ಹೊರಗೆ ಉಂಡು ಗೊತ್ತಿಲ್ಲದ ಹುಡುಗ. ಕಂಕುಳಲ್ಲಿ ಹೊಸ ಕೊಡೆ, ತಲೆಯಲ್ಲಿ ನನ್ನ ಅಕ್ಷರ ಬಹಳ ಚೆಂದ ಎಂಬ ಜಂಬ. ಜಿಲ್ಲೆ ಮುಂಬಯಿಯಿಂದ ಮೈಸೂರಿಗೆ ಸೇರಿ ಹೆಚ್ಚು ದಿನ ಆಗಿರಲಿಲ್ಲ. ಸರಕಾರ ಬದಲಾಗಿತ್ತು, ಕಚೇರಿಯ ಫಾರ್ಮುಗಳು ಹಳೆಯವೇ. ಅವನ್ನು ತುಂಬುವುದೆಂದರೆ ನನಗೆ ಹಬ್ಬ.

ಶಾಲೆಯ ಬಾವಿಯದು ಸವಳು ನೀರು. ಗದ್ದೆಯಾಚೆಯ ಸಿಹಿನೀರಿನ ಬಾವಿಯಿಂದ ಮಕ್ಕಳಿಗೆ ನೀರು ಹೊತ್ತು ತರುವವಳು ಮಾದೇವಿ. ಕಸ ಗುಡಿಸಿ, ವಾರಕ್ಕೊಮ್ಮೆ ನೆಲ ಸಾರಿಸುವವಳೂ ಅವಳೇ. ಗಂಡ ಇಲ್ಲ, ಎರಡು ಹೆಣ್ಣುಮಕ್ಕಳು. ನನಗಿಂತ ಇಪ್ಪತ್ತು ವರ್ಷ ದೊಡ್ಡವಳನ್ನು ನಾನು ಏಕವಚನದಲ್ಲೇ ಕರೆಯುತ್ತಿದ್ದೆ. ಆಗಿನ ಮಾಸ್ತರಿಕೆಯೇ ಹಾಗಿತ್ತು. ಅವಳ ಕೂಲಿ ಸಾದಿಲ್ವಾರು ಖರ್ಚಿನಲ್ಲಿ ಬರುತ್ತಿತ್ತು, ಅಂದರೆ ಸೀಮೆಸುಣ್ಣ, ಕಸಬರಿಗೆಗಳ ಸಾಲಿನಲ್ಲಿ. ಶಾಲೆ ನಡೆದ ದಿನಕ್ಕಷ್ಟೇ ಕೂಲಿ.

ಮೊದಲ ಬೇಸಿಗೆ ರಜೆ ಬಂದಾಗ ನಾನು ಬೀಗ ಹಾಕಿ ಊರಿಗೆ ಹೋದೆ. ಎರಡು ತಿಂಗಳ ಪಗಾರ ಕುಳಿತಲ್ಲಿಗೇ ಬಂತು. ಜೂನಿನಲ್ಲಿ ಬಾಗಿಲು ತೆಗೆದಾಗ ಮಾದೇವಿ ಕೊಡ ಹೊತ್ತು ಕುಂಟುತ್ತ ಬಂದಳು.

"ಎಂತ ಆತು ಕಾಲಿಗೆ?" ಎಂದೆ.

"ಉಪ್ಪಿನ ಆಗರಕ್ಕೆ ಹೋಗಿದ್ದೆ ಮಾಸ್ತರ್ರೆ. ಸಾಲೆ ಇಲ್ಲ ಅಂದ್ರೆ ಮತ್ತೆಂತ ಮಾಡೂದು?"

ಹಿಮ್ಮಡಿ ಬಿರಿದು ಒಳಗಿನ ಕೆಂಪು ಕಾಣುತ್ತಿತ್ತು. ದಿನವಿಡೀ ಉಪ್ಪುನೀರಿನಲ್ಲಿ ನಿಂತ ಕಾಲು. ಕಡಲ ನೀರು ಕಟ್ಟಿ ಉಪ್ಪು ಬೆಳೆಯುವ ಆ ಆಗರ ಶಾಲೆಯ ಹತ್ತಿರವೇ ಇತ್ತು. ರಜೆಯಲ್ಲಿ ಅವಳು ಏನು ತಿನ್ನುತ್ತಾಳೆ ಎಂಬ ಯೋಚನೆ ಮಾತ್ರ ನನಗೆ ಬಂದಿರಲಿಲ್ಲ.

ಆ ವಾರವೇ ಅರ್ಜಿ ಬರೆದೆ. ಮೂರು ಪುಟ, ಮುತ್ತಿನಂಥ ಅಕ್ಷರ. ರಜೆಯ ಕಾಲಕ್ಕೂ ನೀರಿನವಳಿಗೆ ಕೂಲಿ ಮಂಜೂರು ಮಾಡಬೇಕೆಂದು ವಿನಂತಿ. ಉತ್ತರ ಒಂದೇ ಸಾಲಿನದು: ರಜೆಯಲ್ಲಿ ಮಕ್ಕಳು ಶಾಲೆಯಲ್ಲಿ ನೀರು ಕುಡಿಯುವುದಿಲ್ಲವಾದ್ದರಿಂದ ವಿನಂತಿ ಅಮಾನ್ಯ.

ಅದನ್ನು ಓದಿ ಹೇಳಿದೆ. ಮಾದೇವಿ ಸಿಟ್ಟಾಗಲಿಲ್ಲ. "ಮಕ್ಳು ಕುಡಿಯೂದಿಲ್ಲ, ಅದು ಖರೆ. ನಾ ಕುಡೀಬೇಕಲ್ರಾ," ಎಂದು ಕೊಡ ಎತ್ತಿಕೊಂಡಳು.

ಆ ಮಳೆಗಾಲ ತಪಾಸಣೆಗೆ ಇನ್ಸ್‌ಪೆಕ್ಟರ ಸಾಹೇಬರು ಬಂದರು. ಕುಮಟೆಯಿಂದ ಸೈಕಲ್ಲಿನಲ್ಲಿ ಬಂದು ಬಳಲಿದ್ದ ಅವರು ಮಾದೇವಿ ಕೊಟ್ಟ ನೀರನ್ನು ಎರಡು ಚೊಂಬು ಕುಡಿದರು. ನಾನು ಸಮಯ ನೋಡಿ ವಿಷಯ ತೆಗೆದೆ. ಅವರು ಖಾಲಿ ಅಂಗಳ ನೋಡಿ ಹೇಳಿದರು: "ಕಾಯ್ದೆ ನನ್ನ ಕೈಯಲ್ಲಿಲ್ಲ ಮಾಸ್ತರ್ರೆ. ಆದರೆ ಶಾಲೆಗೆ ತೋಟ ಇದ್ದರೆ ಬೇಸಿಗೆಯಲ್ಲಿ ಗಿಡಕ್ಕೆ ನೀರು ಬೇಕಾಗ್ತದಲ್ಲ."

ನಾನು ಕುಣಿಯುವುದೊಂದು ಬಾಕಿ. ಮಕ್ಕಳೂ ನಾನೂ ಸೇರಿ ಮಾವು, ಹಲಸು ಎಂದು ಇಪ್ಪತ್ತು ಸಸಿ ನೆಟ್ಟೆವು. ಮುಂದಿನ ಎರಡು ಬೇಸಿಗೆ ಮಾದೇವಿ ಆಗರಕ್ಕೆ ಹೋಗಲಿಲ್ಲ. ಗಿಡಕ್ಕೆ ನೀರು ಹೊತ್ತಳು, ಕೂಲಿ ಬಂತು. ನಾನು ಕಂಡವರಿಗೆಲ್ಲ ಈ ಉಪಾಯದ ಕತೆ ಹೇಳಿಕೊಂಡು ತಿರುಗಿದೆ.

ಅಷ್ಟರಲ್ಲಿ ಭಟ್ಕಳಕ್ಕೆ ವರ್ಗವಾಯಿತು. ಹೊಸ ಮಾಸ್ತರರಿಗೆ ದಫ್ತರ, ಬೀಗದಕೈ, ನಕಾಶೆ ಎಲ್ಲ ಎಣಿಸಿ ಒಪ್ಪಿಸಿದೆ. ಪ್ರತಿ ಬೇಸಿಗೆಗೆ ಮೊದಲು ತೋಟದ ಕೂಲಿಗೆ ಬೇರೆ ಅರ್ಜಿ ಹಾಕಬೇಕು ಎಂಬ ಒಂದು ಮಾತು ಹೇಳಲು ಮರೆತೆ.

ಮರುವರ್ಷ ಜೂನಿನಲ್ಲಿ ನನ್ನ ಸರ್ವಿಸ್ ಬುಕ್ಕಿನ ಕೆಲಸಕ್ಕಾಗಿ ಆ ಶಾಲೆಗೆ ಹೋದೆ. ಗಿಡಗಳು ಎದೆಯೆತ್ತರ ಬೆಳೆದಿದ್ದವು. ನನಗೆ ಹಿಗ್ಗು. ಮಾದೇವಿ ನೆಲ ಗುಡಿಸುತ್ತಿದ್ದಳು, ಬಹಳ ಇಳಿದುಹೋಗಿದ್ದಳು.

"ಕೂಲಿ ಸರಿಯಾಗಿ ಬಂತಲ್ಲ?"

"ಇಲ್ಲ. ಹೊಸಬ್ರಿಗೆ ಗೊತ್ತಿರಲಿಲ್ಲ. ರಜೆ ಅಂತ ಊರಿಗೆ ಹೋದ್ರು."

"ಹಂಗಾದ್ರೆ ಆಗರಕ್ಕೆ ಹೋಗಬೇಕಿತ್ತು ನೀನು."

ಅವಳು ಕಸಬರಿಗೆ ನಿಲ್ಲಿಸಿ ನನ್ನ ಮುಖ ನೋಡಿದಳು. "ಹ್ಯಾಂಗೆ ಹೋಗೂದು ಮಾಸ್ತರ್ರೆ? ಮಕ್ಳಿಗೆ ರಜೆ ಉಂಟು, ನಿಮ್ಗೆ ಉಂಟು. ಗಿಡಕ್ಕೆ ಇಲ್ವಲ್ಲ. ಎರಡು ವರ್ಷ ನೀರು ಹೊಯ್ದ ಕೈಯಲ್ಲಿ ಒಣಗೂಕೆ ಬಿಡೂದಾ?"

ಬಿಟ್ಟಿಯಾಗಿ ಎರಡು ತಿಂಗಳು ನೀರು ಹೊತ್ತಿದ್ದಳು. ಆ ತಿಂಗಳುಗಳಲ್ಲಿ ಹೆಣ್ಣುಮಕ್ಕಳಿಬ್ಬರೂ ಹೆಚ್ಚಾಗಿ ಗಂಜಿತಿಳಿಯಲ್ಲೇ ದಿನ ಕಳೆದರೆಂದು ಆಮೇಲೆ ಪಕ್ಕದ ಮನೆಯವರು ಹೇಳಿದರು. ಆಗರದ ಉಪ್ಪು ಕಾಲನ್ನು ತಿಂದರೂ ಹೊಟ್ಟೆಗೆ ಹಾಕುತ್ತಿತ್ತು. ನನ್ನ ಉಪಾಯ ಆ ದಾರಿಯನ್ನೂ ಕಟ್ಟಿತ್ತು.

ಕಿಸೆಯಲ್ಲಿದ್ದುದನ್ನು ತೆಗೆದು ಕೊಡಲು ಹೋದೆ. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. "ಬ್ಯಾಡ. ನಾ ನೀರು ಹೊತ್ತದ್ದು ಸಾಲೆಗೆ, ನಿಮ್ಮನೆಗಲ್ಲ. ಕೊಟ್ರೆ ಸಾಲೆ ಕೊಡ್ಲಿ."

ಅಂದೇ ಕುಮಟೆಯ ಕಚೇರಿಗೆ ಹೋಗಿ ಕುಳಿತೆ. ಸಾಹೇಬರು ಬೇರೆಯವರು ಬಂದಿದ್ದರು. ಮೂರು ಸಲ ಅಲೆದ ಮೇಲೆ, ಪ್ರತಿ ವರ್ಷ ಹೊಸ ಅರ್ಜಿಯಿಲ್ಲದೆ ಬೇಸಿಗೆಯ ಕೂಲಿ ಕೊಡಬೇಕೆಂದು ಹುಕುಂ ಆಯಿತು. ಮುಂದೆ ಅದು ತಪ್ಪಲಿಲ್ಲವಂತೆ. ಕಳೆದುಹೋದ ಆ ಒಂದು ಬೇಸಿಗೆಯದು ಮಾತ್ರ ಬರಲೇ ಇಲ್ಲ. ಮಾದೇವಿ ಮತ್ತೆ ಅದರ ಮಾತೆತ್ತಲಿಲ್ಲ. ನನಗೆ ಅವಳೆದುರು ಹೋಗಲು ಬಹುಕಾಲ ಮುಖವಿರಲಿಲ್ಲ.

ಈಗ ನಾನು ಪಿಂಚಣಿದಾರ. ತಿಂಗಳು ತಿಂಗಳೂ ಕೆಲಸವಿಲ್ಲದೆ ಉಣ್ಣುವವನು. ಉಪ್ಪಿನ ಚೀಲ ಬಿಚ್ಚಿದ ದಿನವೇ ಸಂಜೆ, ನಮ್ಮ ಕೇರಿಯ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಪಾರ್ವತಿ ಮತ್ತಿಬ್ಬರು ಹೆಂಗಸರೊಡನೆ ಬಂದರು. ಏಪ್ರಿಲ್, ಮೇ ತಿಂಗಳಲ್ಲಿ ಅವರಿಗೆ ಸಂಬಳವಿಲ್ಲವಂತೆ. "ಒಂದು ಅರ್ಜಿ ಬರದು ಕೊಡ್ತ್ರಾ ಮಾಸ್ತರ್ರೆ? ನಿಮ್ಗಾದ್ರೆ ಎಂತ ಬರೀಬೇಕು ಅಂತ ಗೊತ್ತಿರ್ತದೆ."

ಪೆನ್ನು ತೆಗೆದೆ. ವಿನಂತಿಯ ಮೊದಲ ವಾಕ್ಯ ಆಗಲೇ ತಲೆಯಲ್ಲಿ ಸಾಲುಗಟ್ಟಿತ್ತು. ಅದನ್ನು ಅಲ್ಲೇ ಬಿಟ್ಟೆ.

"ನನಗೆ ಗೊತ್ತಿಲ್ಲ. ಕೂತುಕೊಳ್ಳಿ. ನೀವು ಹೇಳಿ, ನಾನು ಬರೀತೆ," ಎಂದೆ.

ಮೂವರೂ ಮುಖ ಮುಖ ನೋಡಿಕೊಂಡರು. ಆಮೇಲೆ ಪಾರ್ವತಿ ಸೆರಗು ಸರಿಮಾಡಿಕೊಂಡು ಹೇಳಿದರು: "ಹಂಗಾದ್ರೆ ಮೊದ್ಲು ನಮ್ಮ ಹೆಸ್ರು ಬರೀರಿ. ಎಲ್ಲರದ್ದೂ."

ಬರೆಯತೊಡಗಿದೆ.