ವಿಜಯವಾಡದ ಬಿಸಿಬೇಳೆಬಾತ್

ಕೆಲಸದ ಮೇಲೆ ವಿಜಯವಾಡಕ್ಕೆ ಹೋಗಿದ್ದಾಗ, ಊರೆಲ್ಲ ಹೊಗಳುವ ಎಸಿ ಹೋಟೆಲೊಂದರಲ್ಲಿ ‘ಕರ್ನಾಟಕ ಸ್ಪೆಷಲ್’ ಬಿಸಿಬೇಳೆಬಾತ್ ತರಿಸಿದೆ. ಬೆಲೆ ಕೇಳಿದರೆ ಎದೆ ಧಸಕ್ಕೆನ್ನಬೇಕು. ಬಂದದ್ದು ಮಾತ್ರ ಸಾಂಬಾರು ಕಲಸಿದ ಅನ್ನ.

“ಇದು ಬಿಸಿಬೇಳೆಬಾತ್ ಅಲ್ಲವೇ ಅಲ್ಲ,” ಎಂದು ಹರಕು ತೆಲುಗಿನಲ್ಲಿ ಮ್ಯಾನೇಜರಿಗೆ ಹೇಳಿದೆ.

ಅವರು ನಕ್ಕರು. “ಇಲ್ಲಿ ಎಲ್ಲರೂ ಇಷ್ಟಪಟ್ಟು ತಿಂತಾರೆ ಮೇಡಂ. ಬೇಕಾದರೆ ನೀವೇ ಮಾಡಿ ತೋರಿಸಿ.”

ತಮಾಷೆಗೆ ಅಂದಿದ್ದರೇನೋ. ನಾನು ಸೆರಗು ಸಿಕ್ಕಿಸಿ ಅಡುಗೆಮನೆಗೆ ನಡೆದೇಬಿಟ್ಟೆ. ಬೇಳೆ, ಅಕ್ಕಿ ಒಟ್ಟಿಗೆ ಬೇಯಿಸಿ, ಚಕ್ಕೆ, ಮೊಗ್ಗು, ಕೊಬ್ಬರಿ ಹುರಿದು ಪುಡಿ ಮಾಡಿ ಹಾಕಿ, ಮೇಲೆ ಧಾರಾಳವಾಗಿ ತುಪ್ಪ ಸುರಿದೆ. ಘಮಕ್ಕೆ ಅಕ್ಕಪಕ್ಕದ ಮೇಜಿನವರೂ ಅದನ್ನೇ ಕೇಳಿದರು. ಮ್ಯಾನೇಜರ್ ತಟ್ಟೆ ಬರಿದು ಮಾಡಿ, “ಸೋತೆ ಮೇಡಂ,” ಎಂದರು.

ಮುಂದಿನ ಸಲ ಹೋದಾಗ ಅವರ ಅಡುಗೆಭಟ್ಟರು ಥೇಟ್ ಹಾಗೇ ಮಾಡಿದ್ದರು. ಬೆಲೆಯೂ ಏರಿತ್ತು. ಜಗಳವಾಡೋಣವೆಂದರೆ, ಈಗ ಅದು ಆ ಬೆಲೆಗೆ ತಕ್ಕ ಹಾಗೇ ಇತ್ತು!