ಹಿಮ ಕಾಣದ ತುಂಗಾ ಕೇಳುವ ಒಂದು ಪ್ರಶ್ನೆ

ಬೆಳಗಿನ ಜಾವ ಐದೂಕಾಲು. ಕ್ರೋಂಪೇಟೆ ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಸಿಗುವ ಕಟ್ಟಡವೊಂದರ ಎರಡನೇ ಮಹಡಿಯ ಕಾಲ್ ಸೆಂಟರಿನಲ್ಲಿ ತುಂಗಾ ಅವರು ಚೂಡಿದಾರದ ಮೇಲೆ ಕಂದು ಸ್ವೆಟರ್ ಹಾಕಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತಿದ್ದಾರೆ. ಹೊರಗೆ ಚೆನ್ನೈ ಆಗಲೇ ಬೆವರಲು ಶುರು ಮಾಡಿದೆ. ಸ್ವೆಟರ್ ಇರುವುದು ಏಸಿಗೆ. ಫೋನಿನ ಆ ತುದಿಯಲ್ಲಿ, ಅಮೆರಿಕದ ಮಿನ್ನೆಸೋಟಾದಲ್ಲಿ, ಇನ್ನೂ ನಿನ್ನೆಯ ಸಂಜೆ. ಅಲ್ಲಿ ಸೊನ್ನೆಗಿಂತ ಇಪ್ಪತ್ತೆರಡು ಡಿಗ್ರಿ ಕೆಳಗೆ ಇಳಿದಿದೆಯಂತೆ.

ಆ ತುದಿಯಲ್ಲಿರುವ ಗ್ರಾಹಕನಿಗೆ ಒಂದು ಗಾಡಿ ಬೇಕು. ರಸ್ತೆಯಲ್ಲಿ ಓಡುವಂಥದ್ದಲ್ಲ, ಅಗಲವಾದ ರಬ್ಬರ್ ಪಟ್ಟಿಯ ಮೇಲೆ ಬುಲ್ಡೋಜರಿನ ಹಾಗೆ ತೆವಳುವಂಥದ್ದು. ಅದರಲ್ಲಿ ಕೂತು ಸೊಂಟದೆತ್ತರದ ಹಿಮ ದಾಟಿ, ಹೆಪ್ಪುಗಟ್ಟಿದ ಸರೋವರದ ನಡುವಿಗೆ ಹೋಗಿ, ಮಂಜುಗಡ್ಡೆಗೆ ತೂತು ಕೊರೆದು, ಗಾಳ ಇಳಿಬಿಟ್ಟು ಮೀನು ಹಿಡಿಯಬೇಕು. ಮಗ ಜೊತೆಗಿರುತ್ತಾನೆ, ಎರಡು ನಾಯಿಗಳೂ ಇರುತ್ತವೆ. ಯಾವ ಗಾಡಿ ಕೊಳ್ಳಲಿ ಎಂದು ಆತ ಕೇಳುತ್ತಿರುವುದು ಹುಟ್ಟಿದಾರಭ್ಯ ಹಿಮ ಕಾಣದ, ಮೀನು ತಿನ್ನದ ಒಬ್ಬ ಹೆಂಗಸನ್ನು.

ತುಂಗಾ ಅವರ ಇಂಗ್ಲಿಷು ಮೆತ್ತಗೆ, ಸ್ಪಷ್ಟವಾಗಿ ಹರಿಯುತ್ತದೆ. ಎಷ್ಟು ಜನ, ಎಷ್ಟು ಸಾಮಾನು, ರಸ್ತೆಯಿಂದ ದಡಕ್ಕೆ ಎಷ್ಟು ದೂರ, ನಡುವೆ ಏರು ಇದೆಯೇ ಎಂದು ಒಂದೊಂದಾಗಿ ಕೇಳುತ್ತಾರೆ. ಕಿರಿದಾದ ಪಟ್ಟಿ ಹೊಸ ಹಿಮದಲ್ಲಿ ಹೂತುಹೋಗುತ್ತದೆ, ಅಗಲದ್ದೇ ಬೇಕು ಎನ್ನುತ್ತಾರೆ. ಆಮೇಲೆ, ಎದುರಿನ ಕಂಪ್ಯೂಟರ್ ಪರದೆಯಲ್ಲಿ ಎಲ್ಲೂ ಬರೆದಿಲ್ಲದ ಒಂದು ಪ್ರಶ್ನೆ ಕೇಳುತ್ತಾರೆ: ಹಿಮದ ಕೆಳಗೆ ಮಂಜುಗಡ್ಡೆ ಎಷ್ಟು ಇಂಚು ದಪ್ಪ ಇದೆ, ನೀವೇ ಕೊರೆದು ನೋಡಿದ್ದೀರಾ?

ಮೂವತ್ತು ವರ್ಷದಿಂದ ಅದೇ ಸರೋವರಕ್ಕೆ ಹೋಗುತ್ತಿದ್ದೇನೆ, ನನಗೇ ಪಾಠವೇ ಎಂದು ಆತ ರೇಗಿದನಂತೆ. ತುಂಗಾ ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳುತ್ತಾರೆ. ಫೋನು ಕಟ್ಟಾಗುತ್ತದೆ. ಹದಿನಾರು ನಿಮಿಷ ಮಾತಾಡಿದ್ದಾರೆ, ನಿಯಮದ ಪ್ರಕಾರ ಒಂಬತ್ತರಲ್ಲಿ ಮುಗಿಯಬೇಕಿತ್ತು. 'ಮಾರಾಟ ಆಗಲಿಲ್ಲ' ಎಂಬಲ್ಲಿ ಗುರುತು ಹಾಕಿ, ಬಾಟಲಿಯಿಂದ ಎರಡು ಗುಟುಕು ನೀರು ಕುಡಿದು ಮುಂದಿನ ಕರೆ ತೆಗೆದುಕೊಳ್ಳುತ್ತಾರೆ.

ಕಂಪನಿಯ ಹೆಸರು, ಗ್ರಾಹಕರ ಹೆಸರು ಪತ್ರಿಕೆಯಲ್ಲಿ ಬರೆಯಬಾರದು ಎಂಬ ಷರತ್ತಿನ ಮೇಲೆ ನನಗೆ ಪಕ್ಕದ ಕುರ್ಚಿ ಸಿಕ್ಕಿದೆ. ಕೂತಿದ್ದಕ್ಕೆ ಒಂದು ಲಾಭವಾಯಿತು. ನನ್ನ ಮಟ್ಟಿಗೆ ಹಿಮವೆಂದರೆ ಫ್ರಿಜ್ಜಿನ ಮೇಲಿನ ಖಾನೆ ಅಷ್ಟೇ ಆಗಿತ್ತು. ಈಗ ಯಾರಾದರೂ ಕೇಳಿದರೆ ಅರ್ಧ ಗಂಟೆ ಕೊರೆಯಬಲ್ಲೆ.

ತುಂಗಾ ಅವರಿಗೆ ನಲವತ್ತೊಂದು. ಊರು ಕುಂದಾಪುರದ ಹತ್ತಿರವಾದರೂ ಹುಟ್ಟಿ ಬೆಳೆದದ್ದು ವೆಸ್ಟ್ ಮಾಂಬಲಂ. ತಂದೆ ಅಲ್ಲಿನ ಸಸ್ಯಾಹಾರಿ ಹೋಟೆಲೊಂದರಲ್ಲಿ ಮೂವತ್ತನಾಲ್ಕು ವರ್ಷ ಸಪ್ಲೈಯರ್ ಆಗಿದ್ದವರು, ಈಗಿಲ್ಲ. ಬಿ.ಕಾಂ. ಮುಗಿಸಿದ ತುಂಗಾ ಕೆಲವು ವರ್ಷ ಅದೇ ಹೋಟೆಲಿನಲ್ಲಿ ಫೋನ್ ಆರ್ಡರ್ ತೆಗೆದುಕೊಳ್ಳುತ್ತಿದ್ದರು. ಈ ಕೆಲಸಕ್ಕೆ ಬಂದು ಆರು ವರ್ಷ. ನಸುಕಿನ ಎಲೆಕ್ಟ್ರಿಕ್ ಟ್ರೈನ್ ಹಿಡಿದು ನಾಲ್ಕೂವರೆಗೆ ಕುರ್ಚಿಯಲ್ಲಿರಬೇಕು. ದಿನಕ್ಕೆ ಮೂವತ್ತೈದರಿಂದ ನಲವತ್ತು ಕರೆ, ನಡುವೆ ಹದಿನೈದು ನಿಮಿಷದ ಎರಡು ಬಿಡುವು. ಅಕ್ಟೋಬರಿನಿಂದ ಮಾರ್ಚಿನವರೆಗೆ ರಜೆ ಕೇಳುವಂತಿಲ್ಲ, ಅವರ ಚಳಿಗಾಲವೇ ಇವರ ಸುಗ್ಗಿ.

ಗಾಡಿಗಳ ವಿಷಯದಲ್ಲಿ ಅವರನ್ನು ಯಾರೂ ಸೋಲಿಸಲಾರರು. ಇಬ್ಬರು ಕೂರುವ, ಮೇಲೆ ಮುಚ್ಚಿಗೆಯಿಲ್ಲದ ಸಣ್ಣ ಗಾಡಿ ಹಗುರ, ಆದರೆ ಚಳಿಗೆ ಮೈ ಮರಗಟ್ಟುತ್ತದೆ. ಹೀಟರ್ ಇರುವ, ನಾಲ್ಕು ಜನರ ಮುಚ್ಚಿದ ಕ್ಯಾಬಿನ್ನಿನದ್ದು ಸುಖ. ಅದರ ನೆಲದಲ್ಲೇ ಒಂದು ಮುಚ್ಚಳವಿದ್ದು, ಅದನ್ನು ತೆರೆದು ಒಳಗೆ ಕೂತೇ ಮೀನು ಹಿಡಿಯಬಹುದು. ಆದರೆ ತೂಕ ಹತ್ತಿರ ಹತ್ತಿರ ಎರಡು ಟನ್. ಮೂರನೆಯದು ನೀರಿಗೆ ಬಿದ್ದರೂ ತೇಲುವಂಥದ್ದು, ನಿಧಾನ, ಯಾರಿಗೂ ಬೇಡ. ಹಿಮದ ಭಾರಕ್ಕೆ ಮಂಜುಗಡ್ಡೆ ಕುಸಿದು ಬಿರುಕಿನಿಂದ ನೀರು ಮೇಲೆ ಬರುತ್ತದೆ. ಗಾಡಿಯನ್ನು ಆ ಹಿಮ-ನೀರಿನ ಕೆಸರಿನಲ್ಲಿ ನಿಲ್ಲಿಸಿದರೆ ಬೆಳಗಾಗುವಷ್ಟರಲ್ಲಿ ಅದು ಹೆಪ್ಪುಗಟ್ಟಿ ಪಟ್ಟಿ ಕಚ್ಚಿಕೊಂಡುಬಿಡುತ್ತದೆ. ಇದನ್ನೆಲ್ಲ ಅವರು ನಮ್ಮ ಓಣಿಯ ನಲ್ಲಿ ನೀರಿನ ವಿಷಯ ಹೇಳುವಷ್ಟು ಸಲೀಸಾಗಿ ಹೇಳುತ್ತಾರೆ.

ಎರಡನೇ ವರ್ಷವೇ ಅತ್ಯುತ್ತಮ ಸಲಹೆಗಾರ್ತಿ ಎಂಬ ಫಲಕ ಬಂದಿತ್ತು. ಅದಕ್ಕೆ ಅಪ್ಪನ ಪಾಠವೇ ಕಾರಣ ಎನ್ನುತ್ತಾರೆ. ಮನೆಮಾತು ಬಿಟ್ಟುಕೊಡದ ಅವರ ಕುಂದಾಪುರ ಕನ್ನಡದಲ್ಲೇ ಕೇಳಬೇಕು ('ಅನ್ನುಕಾಗ' ಎಂದರೆ ಅನ್ನಬಾರದು, 'ಹೇಳ್ಕ್' ಎಂದರೆ ಹೇಳಬೇಕು):

"ಅಪ್ಪಯ್ಯ ಯಾವತ್ತೂ ಹೇಳ್ತಿದ್ರ್, ಟೇಬಲ್ಲಂಗ್ ಕೂತವ್ರ ಎದ್ರ್ 'ಗೊತ್ತಿಲ್ಲೆ' ಅನ್ನುಕಾಗ ಅಂದ್. ಅವ್ರಿಗೆ ಧೈರ್ಯ ಆಪು ಹಾಂಗೆ ಎಂತಾರೂ ಒಂದ್ ಹೇಳ್ಕ್. ಇಲ್ಲದಿರೆ ಎದ್ ಹೋತ್ರ್. ನಾ ಫೋನಂಗೂ ಹಾಂಗೇ ಮಾಡ್ದೆ."

ಸಾಂಬಾರಿನಲ್ಲಿ ಬೆಲ್ಲ ಹಾಕಿದ್ದೀರಾ ಎಂದು ಕೇಳಿದವರಿಗೆ ಧೈರ್ಯ ಹೇಳಿದರೆ ಯಾರ ಜೀವವೂ ಹೋಗುವುದಿಲ್ಲ. ಇಲ್ಲಿ ಹೋಯಿತು.

ಎರಡು ವರ್ಷದ ಹಿಂದಿನ ಡಿಸೆಂಬರ್. ಶಾಲಾ ಬಸ್ ಓಡಿಸಿ ನಿವೃತ್ತನಾದ ಒಬ್ಬಾತ ಫೋನು ಮಾಡಿದ. ಮಂಡಿಗೆ ಆಪರೇಷನ್ ಆಗಿತ್ತು, ಬೆಚ್ಚಗೆ ಕೂರುವಂಥದ್ದೇ ಬೇಕಿತ್ತು. ಮುಚ್ಚಿದ ಕ್ಯಾಬಿನ್ನಿನ ದೊಡ್ಡ ಗಾಡಿ ಒಪ್ಪಿದ. ಕೊನೆಗೆ, ಫೋನು ಇಡುವ ಮುಂಚೆ, ಈ ಸಲ ಹಿಮ ಬೇಗ ಬಂದಿದೆ, ಈಗಲೇ ಮೂರಡಿ ಬಿದ್ದಿದೆ, ಮಂಜುಗಡ್ಡೆ ಈ ಗಾಡಿಯ ಭಾರ ತಡೆದೀತೇ ಎಂದು ಕೇಳಿದ. ಪರದೆಯ ಮೇಲೆ ಅದಕ್ಕೆ ಉತ್ತರ ಇರಲಿಲ್ಲ. ಅಷ್ಟು ಹಿಮ ಬಿದ್ದಿದೆ ಎಂದರೆ ಅಷ್ಟು ಚಳಿ, ಅಷ್ಟು ಚಳಿ ಎಂದರೆ ಮಂಜುಗಡ್ಡೆ ಕಲ್ಲಿನಷ್ಟು ಗಟ್ಟಿಯಾಗಿರಲೇಬೇಕು ಎಂದು ತುಂಗಾ ಲೆಕ್ಕ ಹಾಕಿದರು. ಚೆನ್ನೈಯಲ್ಲಿ ಕೂತವರು ಯಾರಾದರೂ ಹಾಗೇ ಲೆಕ್ಕ ಹಾಕುತ್ತಾರೆ, ನಾನೂ ಹಾಕುತ್ತಿದ್ದೆ. ಏನೂ ಚಿಂತೆ ಬೇಡ, ತುಂಬ ಗಟ್ಟಿ ಇರುತ್ತದೆ ಎಂದುಬಿಟ್ಟರು.

ನಿಜ ಸಂಗತಿ ಪೂರ್ತಿ ಉಲ್ಟಾ. ಬೇಗ ಬಿದ್ದ ದಪ್ಪ ಹಿಮ ಮಂಜುಗಡ್ಡೆಗೆ ಕಂಬಳಿ ಹೊದಿಸಿದಂತೆ. ಮೇಲಿನ ಚಳಿ ಕೆಳಗಿಳಿಯುವುದಿಲ್ಲ, ನೀರು ಹೆಪ್ಪುಗಟ್ಟುವುದೇ ನಿಧಾನವಾಗುತ್ತದೆ. ಎರಡು ಟನ್ನಿನ ಗಾಡಿಗೆ ಒಳ್ಳೆಯ ಮಂಜುಗಡ್ಡೆ ಒಂದಡಿಯಾದರೂ ಬೇಕು. ಆ ಸರೋವರದಲ್ಲಿ ಐದು ಇಂಚು ಇತ್ತಂತೆ.

ಐದು ವಾರದ ಮೇಲೆ ಒಬ್ಬ ಹೆಂಗಸು ಫೋನು ಮಾಡಿ, ಗಂಡನ ಹೆಸರಿನಲ್ಲಿದ್ದ ಸರ್ವೀಸ್ ಕರಾರು ರದ್ದು ಮಾಡಬೇಕು ಎಂದಳು. ಕರೆ ಬಂದದ್ದು ತುಂಗಾ ಅವರ ಕುರ್ಚಿಗೇ. ರದ್ದು ಮಾಡಲು ಕಾರಣ ತುಂಬಿಸಲೇಬೇಕು, ಇಲ್ಲದಿದ್ದರೆ ಮುಂದಿನ ಪುಟ ತೆರೆಯುವುದಿಲ್ಲ. ಹಾಗಾಗಿ ಕಾರಣ ಕೇಳಿದರು. ಗಾಡಿ ಸರೋವರದ ತಳದಲ್ಲಿದೆ, ಅವನನ್ನು ಮರುದಿನ ಮೇಲೆತ್ತಿದರು ಎಂದಳು ಆಕೆ. ಬೈಯಲಿಲ್ಲ. ಅಳಲೂ ಇಲ್ಲ.

"ಅವ್ರೇ ಹೇಳ್ರ್, ನಮ್ಮವ್ರ್ ಹೆದ್ರಿದ್ರ್, ಆದ್ರೆ ಫೋನಂಗ್ ಒಂದ್ ಹುಡ್ಗಿ ಭಾರಿ ಚಂದ ಮಾತಾಡಿ ಐಸ್ ಗಟ್ಟಿ ಇತ್ತ್ ಅಂದ್ಳಂಬ್ರ್, ಮತ್ತೆ ಹ್ವಾದ್ರ್ ಅಂದ್. ಆ ಹುಡ್ಗಿ ನಾನೇ ಅಂದ್ ಹೇಳುಕೆ ನಂಗ್ ಬಾಯೇ ಬರ್ಲಿಲ್ಲ ಕಾಣಿ. ಲಿಸ್ಟಂಗ್ ಆರ್ ಕಾರಣ ಇತ್ತ್. ಸತ್ತದ್ದ್ ಅಂದೇ ಇಲ್ಲೆ. 'ಇತರೆ' ಅಂದ್ ಒತ್ತಿ, ಥ್ಯಾಂಕ್ಯೂ ಮೇಡಂ ಅಂದೆ."

ಇದನ್ನು ಹೇಳುವಾಗ ಅವರು ನನ್ನ ಕಡೆ ನೋಡುತ್ತಿರಲಿಲ್ಲ, ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದರು. ಆ ಮನುಷ್ಯ ಕೊರೆದು ನೋಡಬೇಕಿತ್ತು, ತಪ್ಪು ಅವನದೂ ಇದೆ ಎಂದೆ. ಏನಾದರೂ ಹೇಳಬೇಕಲ್ಲ ಎಂದು ಹೇಳಿದ ಮಾತು ಅದು, ಹೇಳಿದ ಕೂಡಲೇ ನನಗೇ ನಾಚಿಕೆಯಾಯಿತು. ಎರಡು ವರ್ಷದಿಂದ ಅವರು ಇದನ್ನು ಯಾರಿಗೂ ಹೇಳಿಲ್ಲ. ಸೌಕಾರ್‌ಪೇಟೆಯ ಸಗಟು ಅಂಗಡಿಯಲ್ಲಿ ಕೆಲಸ ಮಾಡುವ ಗಂಡ ಉದಯ್‌ಗೂ ಗೊತ್ತಿಲ್ಲ.

ಅಂದಿನಿಂದ ಯಾವ ಕರೆಯನ್ನೂ ಆ ಪ್ರಶ್ನೆ ಕೇಳದೆ ಮುಗಿಸಿಲ್ಲ. ಕೇಳಿದರೆ ಕೆಲವರು ರೇಗುತ್ತಾರೆ, ಕೆಲವರು ಯೋಚಿಸಿ ಹೇಳುತ್ತೇನೆ ಎಂದು ಮಾಯವಾಗುತ್ತಾರೆ. ಫಲಕ ಪಡೆದಿದ್ದವರು ಈಗ ಮಾರಾಟಗಾರರ ಪಟ್ಟಿಯ ತಳದಲ್ಲಿದ್ದಾರೆ. ಈ ಪ್ರಶ್ನೆಯನ್ನು ಎಲ್ಲರ ಪರದೆಗೂ ಹಾಕಿ ಎಂದು ಹನ್ನೊಂದು ಸಲ ಬರೆದು ಕೊಟ್ಟಿದ್ದಾರೆ. ತಂಡದ ಮುಖ್ಯಸ್ಥ ಅಜಯ್ ಕೆಟ್ಟವನಲ್ಲ, ಪ್ರತಿ ಸಲವೂ ಮೇಲೆ ಕಳಿಸಿದ್ದಾನೆ. ಮೇಲಿನಿಂದ ಬಂದ ಉತ್ತರವನ್ನು ಅವನೇ ನನಗೆ ಹೇಳಿದ, ತಲೆ ತಗ್ಗಿಸಿಕೊಂಡೇ ಹೇಳಿದ. ಮಂಜುಗಡ್ಡೆಯ ಬಗ್ಗೆ ನಾವು ಕೇಳಿದರೆ ಅದರ ಜವಾಬ್ದಾರಿ ನಮ್ಮ ಮೇಲೆ ಬರುತ್ತದೆ, ಕೇಳದಿದ್ದರೆ ಬರುವುದಿಲ್ಲ ಎಂದು ವಕೀಲರು ಬರೆದಿದ್ದಾರಂತೆ. ಇದನ್ನು ಬರೆದವರು ರಾತ್ರಿ ನಿದ್ದೆ ಮಾಡುತ್ತಾರೆ ಎಂಬುದೇ ನನಗೆ ಹೊಟ್ಟೆಯುರಿ.

ಇನ್ನು ಬರೆದು ಕೊಡುವ ಪ್ರಶ್ನೆಯೂ ಇಲ್ಲ. ಹನ್ನೆರಡು ಕುರ್ಚಿಗಳಲ್ಲಿ ಎಂಟು ಆಗಲೇ ಖಾಲಿ. ಮಾರ್ಚ್ ಒಂದರಿಂದ ಕಂಪ್ಯೂಟರೇ ಗ್ರಾಹಕರಿಗೆ ಉತ್ತರ ಹೇಳುತ್ತದೆ, ಈ ಮಹಡಿಗೆ ಬೀಗ. ಪ್ರಯೋಗಕ್ಕೆಂದು ಬಿಟ್ಟಿದ್ದ ಆ ಕಂಪ್ಯೂಟರನ್ನು ತುಂಗಾ ಒಮ್ಮೆ ಗ್ರಾಹಕಿಯ ಹಾಗೆ ಮಾತಾಡಿಸಿ ನೋಡಿದ್ದಾರೆ. ಮೂರಡಿ ಹಿಮ, ಮೀನು ಹಿಡಿಯಬೇಕು, ನಾಲ್ಕು ಜನ ಎಂದರಂತೆ. ಎಂಟು ಸೆಕೆಂಡಿನಲ್ಲಿ ಅತಿ ದೊಡ್ಡ ಗಾಡಿ ತೋರಿಸಿ, ಬಣ್ಣ ಯಾವುದಿರಲಿ ಎಂದು ಕೇಳಿತು.

ಕೆಲಸ ಹೋಗುತ್ತದೆ ಎಂಬುದಕ್ಕಿಂತ ಇದೇ ಅವರನ್ನು ತಿನ್ನುತ್ತಿದೆ. ತಾವು ಎದ್ದು ಹೋದ ಮೇಲೆ ಕೇಳುವವರು ಯಾರೂ ಇಲ್ಲ. ಉಳಿದಿರುವುದು ಹನ್ನೊಂದು ದಿನ, ದಿನಕ್ಕೆ ನಲವತ್ತು ಎಂದರೂ ನಾನೂರ ನಲವತ್ತು ಕರೆ.

ಅಂದು ಏಳೂವರೆಯ ಸುಮಾರಿಗೆ ಒಬ್ಬ ಹೆಂಗಸಿನ ಕರೆ ಬಂತು. ತುಂಗಾ ಕೇಳಿದ್ದಕ್ಕೆ ಆಕೆ ಗೊತ್ತಿಲ್ಲ, ನೋಡಿ ಬರುತ್ತೇನೆ ಎಂದಳು. ಮನೆಯ ಹಿಂದೆಯೇ ಸರೋವರವಂತೆ. ನಲವತ್ತು ನಿಮಿಷ ಬಿಟ್ಟು ಮತ್ತೆ ಫೋನು ಮಾಡಿ ತುಂಗಾ ಅವರೇ ಬೇಕೆಂದು ಕೇಳಿ ಮಾತಾಡಿದಳು. ದಡದ ಹತ್ತಿರವೇ ನಾಲ್ಕು ಇಂಚು, ಅದೂ ಬಿಳಿಚಿದ ಮಂಜುಗಡ್ಡೆ, ಬಲವಿಲ್ಲದ್ದು. ಈ ವರ್ಷ ಗಾಡಿಯೂ ಬೇಡ, ಮೀನೂ ಬೇಡ ಎಂದು ನಕ್ಕಳಂತೆ. ತುಂಗಾ ಅವರ ಮುಖ ಸ್ವಲ್ಪ ತಿಳಿಯಾಯಿತು. ಆಮೇಲೆ 'ಮಾರಾಟ ಆಗಲಿಲ್ಲ' ಎಂಬಲ್ಲಿ ಗುರುತು ಹಾಕಿದರು. ಅದನ್ನು ಹಾಕದೆ ಮುಂದಿನ ಕರೆ ಬರುವುದಿಲ್ಲ.

ಮಧ್ಯಾಹ್ನ ಒಂದೂವರೆಗೆ ವೆಸ್ಟ್ ಮಾಂಬಲಂನ ಮನೆಯಲ್ಲಿದ್ದೇವೆ. ಓಣಿ ಎಷ್ಟು ಇಕ್ಕಟ್ಟೆಂದರೆ ಎದುರು ಮನೆಯ ಒಗ್ಗರಣೆಗೆ ಇಲ್ಲಿ ಸೀನು ಬರುತ್ತದೆ. ಒಂಬತ್ತನೇ ತರಗತಿಯ ಮಗಳು ಪ್ರಣಮ್ಯಾಗೆ ಪರೀಕ್ಷೆಯ ರಜೆ. ತಾಯಿ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳು ತಮಿಳಿನಲ್ಲಿ ಉತ್ತರಿಸುತ್ತಾಳೆ. ಅಮ್ಮನ ಕೆಲಸವೇನು ಎಂದು ಕೇಳಿದೆ. "ಸ್ನೋ ಕಾರ್ ವಿಕ್ಕಿರಾಂಗ," ಹಿಮದ ಕಾರು ಮಾರುತ್ತಾರೆ, ಎಂದು ಹೇಳಿ ನಕ್ಕು ಒಳಗೆ ಹೋದಳು. ಅದು ಅವಳ ಗೆಳತಿಯರ ನಡುವೆ ಹಳೆಯ ತಮಾಷೆಯಂತೆ. ತುಂಗಾ ಕೂಡ ನಗಲು ನೋಡಿದರು, ಆಗಲಿಲ್ಲ.

ಮುಂದೇನು ಎಂದು ಕೇಳಿದರೆ ಯಾವುದಾದರೂ ಹೋಟೆಲಿನ ಕ್ಯಾಶ್ ಕೌಂಟರು ಸಿಕ್ಕೀತು ಎನ್ನುತ್ತಾರೆ. ಅದರಲ್ಲಿ ಅವರಿಗೆ ಆಸಕ್ತಿಯಿಲ್ಲ. ಅವರು ನನ್ನನ್ನೇ ಇನ್ನೊಂದು ವಿಷಯ ಕೇಳುತ್ತಾರೆ. ನಿಮ್ಮ ಪತ್ರಿಕೆಯನ್ನು ಆ ಚಳಿಯ ದೇಶಗಳಲ್ಲಿರುವ ಕನ್ನಡದವರು ಯಾರಾದರೂ ಓದುತ್ತಾರೆಯೇ? ಕಂಪ್ಯೂಟರಿನಲ್ಲಿ ಓದುತ್ತಾರೆ, ಹೆಚ್ಚು ಜನರೇನಲ್ಲ ಎಂದು ಇದ್ದದ್ದು ಇದ್ದ ಹಾಗೆ ಹೇಳಿದೆ. ಭಾನುವಾರದ ಮೋಜಿಗೆ ಸರೋವರಕ್ಕೆ ಹೋಗುವವರು ಅವರಲ್ಲೂ ಇರಬಹುದು ಎಂದೆ.

"ಹಂಗಾರೆ ಇದೊಂದ್ ಹಾಕಿ. ಸ್ನೋ ಜಾಸ್ತಿ ಇದ್ರೆ ಐಸ್ ಗಟ್ಟಿ ಇತ್ತ್ ಅಂದಲ್ಲ. ಯಾರ್ ಎಷ್ಟ್ ಚಂದ ಮಾಡಿ ಹೇಳ್ರೂ ನಂಬುಕಾಗ. ಗಾಡಿ ಇಳ್ಸುಕ್ ಮುಂಚೆ ಕೊರ್ದ್ ಕಾಣಿ. ಇಷ್ಟೇ ಸಾಕ್."

ಬರೆದುಕೊಂಡೆ. ಒಮ್ಮೆ ಓದಿ ಹೇಳಿ ಎಂದರು, ಓದಿದೆ. ಇಷ್ಟೆಲ್ಲ ಅಚ್ಚಾದರೆ ಉದಯ್ ಓದುತ್ತಾರೆ, ಯಾರಾದರೂ ಮಗಳಿಗೂ ಓದಿ ಹೇಳುತ್ತಾರೆ, ಬೇರೆ ಹೆಸರು ಹಾಕಲೇ ಎಂದು ಕೇಳಿದೆ. ಅವರು ಬಾಗಿಲ ಕಡೆ, ಮಗಳು ಹೋದ ಕೋಣೆಯ ಕಡೆ ನೋಡಿದರು.

"ಬ್ಯಾಡ, ನನ್ ಹೆಸ್ರೇ ಇರ್ಲಿ. ತಪ್ಪ್ ಹೇಳಿದವ್ಳೇ ಹೇಳ್ಕ್ ಅಲ್ದಾ ಅದನ್ನ."