ಭೀಮನಿಗೆ ಭಾರವಾದ ಹೆಸರು

ಲೆರೆಪ್‌ಸಾರಿಯ ಗುಡ್ಡದ ಶಾಲೆಯಲ್ಲಿ ಹದಿನಾರು ಕಂಪ್ಯೂಟರುಗಳಿದ್ದವು. ಹದಿನಾರಕ್ಕೂ ತೊಗಲುಗೊಂಬೆಯಾಟದ ವೀರರ ಹೆಸರು. ಭೀಮ, ಅರ್ಜುನ, ಘಟೋತ್ಕಚ, ಬಲದೇವ ಎಂದು ದಪ್ಪಕ್ಷರದಲ್ಲಿ ಬರೆಸಿ ಒಂದೊಂದರ ಹಣೆಗೂ ಅಂಟಿಸಿದವರು ಹೆಡ್‌ಮಾಸ್ಟರ್ ಪಾಕ್ ಕುಂಚೊರೊ. ಅವರ ಸ್ವಂತ ಹೆಸರೂ ಹಗುರವಾದದ್ದೇನಲ್ಲ. ಹಿಂದೊಂದು, ಮುಂದೆರಡು ಪದವಿ ಸೇರಿಸಿ ಬರೆಸಿದಾಗ ಬಾಗಿಲ ಮೇಲಿನ ಹಲಗೆ ಸಾಲದೆ, ಕೊನೆಯ ಪದವಿ ಗೋಡೆಯ ಮೇಲೆ ಮುಂದುವರಿದಿತ್ತು.

ಈ ವೀರರನ್ನೆಲ್ಲ ಒರೆಸಿ, ಧೂಳು ಊದಿ, ಹಲ್ಲಿ ಮೊಟ್ಟೆ ತೆಗೆದು ಸಾಕುತ್ತಿದ್ದವರು ಬು ಯಾತುನ್. ಆ ಸೀಮೆಯಲ್ಲಿ ಹಿರಿಯ ಗಂಡಸರಿಗೆ ‘ಪಾಕ್’, ಹೆಂಗಸರಿಗೆ ‘ಬು’ ಎನ್ನುವುದು ಮರ್ಯಾದೆ. ವಯಸ್ಸು ಐವತ್ತೆರಡು. ಬೆರಳಚ್ಚು ಯಂತ್ರದ ಕಾಲದಲ್ಲಿ ಪ್ರಶ್ನೆಪತ್ರಿಕೆ ಹೊಡೆಯಲು ಶಾಲೆಗೆ ಸೇರಿದವರು. ಕಂಪ್ಯೂಟರು ಬಂದಾಗ, ಅಕ್ಷರ ಒತ್ತುವುದು ಎರಡರಲ್ಲೂ ಒಂದೇ ತಾನೇ ಎಂಬ ತರ್ಕದ ಮೇಲೆ ಅದೂ ಇವರ ತಲೆಗೆ ಬಿತ್ತು. ಹುಟ್ಟಿದಾಗ ಇವರಿಗೂ ಮೊಳದುದ್ದದ ಹೆಸರಿಟ್ಟಿದ್ದರು. ನಾಲ್ಕು ವರ್ಷವಾದರೂ ಜ್ವರ, ಕೆಮ್ಮು ಬಿಡಲಿಲ್ಲ. ಮಗುವಿಗೆ ಹೆಸರಿನ ಭಾರ ತಾಳುತ್ತಿಲ್ಲ ಎಂದು ಅಜ್ಜಿ ತೀರ್ಮಾನಿಸಿ, ಕೆಂಪು ಗಂಜಿ ಬಿಳಿ ಗಂಜಿ ಮಾಡಿ ಕೇರಿಗೆಲ್ಲ ಹಂಚಿ, ಹೆಸರನ್ನು ‘ಯಾತುನ್’ ಎಂದು ಕತ್ತರಿಸಿ ಹಾಕಿದರು. ಆಮೇಲೆ ಯಾತುನ್ ಕಾಯಿಲೆ ಬಿದ್ದು ಮಲಗಿದ್ದನ್ನು ಯಾರೂ ಕಂಡಿಲ್ಲ.

ಆ ವರ್ಷ ಶಿಕ್ಷಣ ಇಲಾಖೆಯ ಕಚೇರಿಯಿಂದ ಕಾಗದ ಬಂತು. ಐದನೇ ತರಗತಿಯ ಪರೀಕ್ಷೆ ಕಂಪ್ಯೂಟರಿನಲ್ಲೇ ನಡೆಯುತ್ತಿತ್ತಲ್ಲ, ಅದರ ಪ್ರೋಗ್ರಾಮು ಇನ್ನು ಮುಂದೆ ಹೊಸದಾಗಿ ಬಿಡುಗಡೆಯಾದ ಆಪರೇಟಿಂಗ್ ಸಿಸ್ಟಮ್ ಮೇಲೆ ಮಾತ್ರ ಓಡುತ್ತದಂತೆ. ಮಗುವಿಗೊಂದು ಕಂಪ್ಯೂಟರು, ಮೇಲೊಂದು ಹೆಚ್ಚುವರಿ. ಇಲ್ಲವಾದರೆ ಮಕ್ಕಳನ್ನು ಬೇರೆ ಶಾಲೆಗೆ ಕರೆದೊಯ್ದು ಬರೆಸಬೇಕು.

ಬೇರೆ ಶಾಲೆ ಎಂದರೆ ಹದಿನಾಲ್ಕು ಕಿಲೋಮೀಟರು ಕೆಳಗಿನ ಪೇಟೆಯದು. ಇಲ್ಲಿಯ ಕಂಪ್ಯೂಟರುಗಳು ಹಳೆಯವೆಂದು ಕಚೇರಿ ಒಪ್ಪದೆ ಹಿಂದಿನ ವರ್ಷವೂ ಅಲ್ಲಿಗೇ ಹೋಗಿದ್ದರು, ತೆಂಗಿನಕಾಯಿ ಸಾಗಿಸುವ ಪಿಕಪ್ಪಿನಲ್ಲಿ. ತಿರುವಿನಿಂದ ತಿರುವಿಗೆ ರುಕ್ಮಿ ಎಂಬ ಹುಡುಗಿ ಮೂರು ಸಲ ವಾಂತಿ ಮಾಡಿಕೊಂಡಳು. ತರಗತಿಯಲ್ಲಿ ಲೆಕ್ಕಕ್ಕೆ ಅವಳನ್ನು ಮೀರಿಸುವವರಿರಲಿಲ್ಲ. ಅವತ್ತು ಅರ್ಧ ಪ್ರಶ್ನೆ ಹಾಗೇ ಬಿಟ್ಟಳು. “ಪ್ರಶ್ನೆಗಳೇ ಅಲ್ಲಾಡ್ತಿದ್ವು ಬು, ಹಿಡಿಯೋಕೇ ಆಗ್ಲಿಲ್ಲ” ಅಂದಳು. ಆ ಮಾತು ಬು ಯಾತುನ್ ಎದೆಯಲ್ಲಿ ಮುಳ್ಳಿನಂತೆ ಉಳಿದಿತ್ತು. ಈ ಸಲ ಹನ್ನೆರಡು ಮಕ್ಕಳಿದ್ದರು. ಒಂದೂ ಆ ಪಿಕಪ್ ಹತ್ತಬಾರದು ಎಂದು ಅವರು ನಿರ್ಧರಿಸಿಬಿಟ್ಟರು.

ಕಂಪ್ಯೂಟರುಗಳನ್ನು ಪರೀಕ್ಷಿಸಲು ಕಚೇರಿಯ ತಂತ್ರಜ್ಞ ಬಂದ. ಹೆಸರು ಗಿಲಾಂಗ್, ಸೊಂಟದಲ್ಲಿ ಇಪ್ಪತ್ತು ಬೀಗದ ಕೈ, ಮುಖದಲ್ಲಿ ಇಪ್ಪತ್ತು ಶಾಲೆ ಸುತ್ತಿದ ಸುಸ್ತು. ಭೀಮನ ಹೊಟ್ಟೆಗೆ ಹೊಸ ಸಿಸ್ಟಮ್ ತುಂಬಿಸಿ ಗುಂಡಿ ಒತ್ತಿದ. ಭೀಮ ಏದುಸಿರು ಬಿಟ್ಟ. ಒಳಗಿನ ಫ್ಯಾನು ಅಕ್ಕಿ ಗಿರಣಿಯಂತೆ ಕೂಗಿತು. ಗಿಲಾಂಗ್ ಎರಡು ಲೋಟ ಚಹಾ ಕುಡಿದು, ಕರಿದ ತೆಂಪೆ ತಟ್ಟೆ ಖಾಲಿ ಮಾಡಿದ ಮೇಲೆ ಪರದೆಯ ಮೇಲೆ ಒಂದು ಬೆಟ್ಟದ ಚಿತ್ರ ಮೂಡಿತು. ಬಾಣದ ಗುರುತನ್ನು ಅಲ್ಲಾಡಿಸಿದರೆ ಅದು ಯೋಚನೆ ಮಾಡಿ ಅಲ್ಲಾಡುತ್ತಿತ್ತು.

“ಆಗಲ್ಲ ಬು. ಹಳೇವು. ಮುದುಕಪ್ಪನಿಗೆ ಮದುವೆ ಗಂಡಿನ ವೇಷ ಹಾಕಿದ ಹಾಗಾಯ್ತು.”

“ಮುದುಕಪ್ಪ ನಡೀತಾನೋ ಇಲ್ವೋ, ಅದನ್ನ ಹೇಳಪ್ಪ. ವೇಷದ ಮಾತು ಆಮೇಲೆ.”

ಈ ಪ್ರಶ್ನೆ ಬು ಯಾತುನ್‌ಗೆ ಅಪ್ಪನಿಂದ ಬಂದದ್ದು. ಅಪ್ಪ ಸಂತೆಯ ಮೂಲೆಯಲ್ಲಿ ಸೈಕಲ್ ರಿಪೇರಿ ಮಾಡುತ್ತಿದ್ದರು. ಯಾವ ಸೈಕಲ್ ಬಂದರೂ ಮೊದಲು ಗಂಟೆ, ದೀಪ, ಕ್ಯಾರಿಯರು, ಮಡ್‌ಗಾರ್ಡು ಎಲ್ಲ ಬಿಚ್ಚಿಟ್ಟು ಬರೀ ಚಕ್ರ ತಿರುಗಿಸಿ ನೋಡುವುದು ಅವರ ಪದ್ಧತಿ. ಬು ಯಾತುನ್ ಒಂದು ವಿಷಯ ಗಮನಿಸಿದ್ದರು: ಬೆಟ್ಟದ ಚಿತ್ರ ಬರುವ ಮೊದಲು, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಸರಸರನೆ ಹರಿಯುತ್ತಿದ್ದಾಗ ಭೀಮ ಚೆನ್ನಾಗಿಯೇ ಇದ್ದ.

“ಈ ಬೆಟ್ಟ, ನೆರಳು, ಕುಣಿಯೋ ಚಿತ್ರ, ಇವೆಲ್ಲ ಪರೀಕ್ಷೆಗೆ ಬೇಕಾ?”

ಗಿಲಾಂಗ್ ತಲೆ ಕೆರೆದುಕೊಂಡ. “ಬೇಡ. ಇದೇ ಬಿಡುಗಡೆಯಲ್ಲೇ ಹಗುರದ ಮುಖ ಅಂತ ಒಂದಿದೆ ಬು. ಬೋಳು ಬೋಳಾಗಿರುತ್ತೆ. ಯಾರೂ ಕೇಳಲ್ಲ.”

“ನಾನು ಕೇಳ್ತಿದೀನಲ್ಲ!”

ಆದರೂ ಎಲ್ಲವೂ ಹಗುರವಾಗಲಿಲ್ಲ. ನಾಲ್ಕು ಕಂಪ್ಯೂಟರುಗಳ ಪ್ರಾಸೆಸರು ತೀರಾ ಹಿಂದಿನ ಕಾಲದ್ದು. ಯಾವ ಮುಖ ತೊಡಿಸಿದರೂ ಅವು ಹೊಸ ಬಿಡುಗಡೆಯನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. ಬು ಯಾತುನ್ ಆ ನಾಲ್ಕರ ಮೆಮೊರಿ ಚಿಪ್ಪುಗಳನ್ನು ಬಿಚ್ಚಿ, ಬಲ ಕಡಿಮೆಯಿದ್ದವಕ್ಕೆ ಹಂಚಿದರು. ಹತ್ತು ಮಧ್ಯಾಹ್ನ ಆ ಕೋಣೆಯ ಸೆಕೆಯಲ್ಲಿ ಕೂತು ಒಂದೊಂದನ್ನೇ ಎಬ್ಬಿಸಿದರು. ಮೂರು ಸಲ ಕೆಲಸ ಕೆಟ್ಟಿತು. ನಾಲ್ಕನೇ ಸಲ ಮಾಡಿದರು. ಉಳಿದ ಹನ್ನೆರಡೂ ಎದ್ದವು. ಸಿಸ್ಟಮ್ ಹಾಕುವಾಗ ಪ್ರತಿಯೊಂದೂ ನನಗೇನು ಹೆಸರು ಎಂದು ಕೇಳಿತು. ಅಜ್ಜಿಯ ನೆನಪಾಗಿ ಬು ಯಾತುನ್ ವೀರರನ್ನೆಲ್ಲ ಕೆಳಗಿಳಿಸಿದರು. ಭೀಮ ಬಾಗೊಂಗ್ ಆದ, ಅರ್ಜುನ ಪೆತ್ರುಕ್ ಆದ, ಘಟೋತ್ಕಚ ಗಾರೆಂಗ್ ಆದ. ಗೊಂಬೆಯಾಟದಲ್ಲಿ ಹೊಟ್ಟೆ ಹುಣ್ಣಾಗುವಂತೆ ನಗಿಸುವ ಆಳುಗಳು. ಆಳುಗಳೂ ಮುಗಿದಾಗ ಅಡುಗೆಮನೆಗೆ ಕೈಹಾಕಿ ಮೆಣಸು, ಶುಂಠಿ, ಬೆಳ್ಳುಳ್ಳಿ ಎಂದಿಟ್ಟರು.

ಪಾಕ್ ಕುಂಚೊರೊ ಬಂದು ನೋಡಿ ಬಾಗಿಲಲ್ಲೇ ನಿಂತರು. “ಏನಿದು ಬು ಯಾತುನ್! ನನ್ನ ಅರ್ಜುನನ್ನ ಆಳು ಮಾಡಿದ್ರಾ?”

“ಅರ್ಜುನ ಆಗಿದ್ದಾಗ ಇಪ್ಪತ್ತು ನಿಮಿಷ ಏಳ್ತಿರ್ಲಿಲ್ಲ ಪಾಕ್. ಆಳಾದ ಮೇಲೆ ಎರಡು ನಿಮಿಷಕ್ಕೆ ಎದ್ದು ನಿಲ್ತಾನೆ.”

“ಆದ್ರೂ ಶಾಲೆಗೊಂದು ಘನತೆ...”

“ಹನ್ನೆರಡಾಯ್ತು. ಹದಿಮೂರನೇದು ಬೇಕು. ನಿಮ್ಮದು ಕೊಡಿ.”

ಹೆಡ್‌ಮಾಸ್ಟರ ಕೋಣೆಯಲ್ಲಿ ಒಂದು ಕಂಪ್ಯೂಟರಿತ್ತು. ಹೊಸ ಸಿಸ್ಟಮ್ಮನ್ನು ಬೆಟ್ಟದ ಚಿತ್ರದ ಸಮೇತ ಸಲೀಸಾಗಿ ಹೊರುವಂಥದ್ದು. ಅದರ ಮೇಲೆ ಅವರ ಹೆಂಡತಿ ಹೆಣೆದ ಕ್ರೋಶಾ ಹೊದಿಕೆ. ಒಳಗೆ ಪದವಿಗಳ ಸಮೇತ ಅವರ ಪೂರ್ತಿ ಹೆಸರು. ಬೆಳಗ್ಗೆ ಒಂಬತ್ತರಿಂದ ಮಧ್ಯಾಹ್ನದವರೆಗೆ ಅದರಲ್ಲಿ ನಡೆಯುತ್ತಿದ್ದ ಆಡಳಿತ ಕಾರ್ಯವೆಂದರೆ ಇಸ್ಪೀಟೆಲೆ ಜೋಡಿಸುವುದು.

“ಅದು ಕಚೇರಿ ಯಂತ್ರ! ಅದರಲ್ಲಿ ಗೋಪ್ಯ ವಿಷಯ ಇರುತ್ತೆ!”

“ಇಸ್ಪೀಟ್ ರಾಣಿಯರು ಯಾರಿಗೂ ಏನೂ ಹೇಳಲ್ಲ ಪಾಕ್.” ಬು ಯಾತುನ್ ನಗಲಿಲ್ಲ. “ಹೋದ ವರ್ಷ ಪೇಟೆ ಶಾಲೆಯಲ್ಲಿ ನಿಮ್ಮನ್ನ ಎಲ್ಲಿ ಕೂರಿಸಿದ್ರು, ನೆನಪಿದ್ಯಾ?”

ನೆನಪಿತ್ತು. ನೀರಿನ ಡ್ರಮ್ಮಿನ ಪಕ್ಕ, ಪ್ಲಾಸ್ಟಿಕ್ ಸ್ಟೂಲಿನ ಮೇಲೆ. ಅಲ್ಲಿಯ ಹೆಡ್‌ಮಾಸ್ಟರು ಹೋಗಿಬರುವಾಗಲೆಲ್ಲ “ನೆಂಟರೇ, ಆರಾಮಾಗಿ ಕೂತ್ಕೊಳ್ಳಿ” ಎನ್ನುತ್ತಿದ್ದರು.

“ಆಳಿನ ಹೆಸರು ಇಡಬಾರದು” ಅಂದರು ಪಾಕ್ ಕುಂಚೊರೊ ಕೊನೆಗೆ.

“ಸೆಮಾರ್ ಅಂತ ಇಡೋಣ.”

ಅವರ ಮುಖ ಅರಳಿತು. ಸೆಮಾರ್ ಆಳುಗಳ ಹಿರಿಯ, ಆದರೆ ವೇಷ ಮರೆಸಿಕೊಂಡ ದೇವರು. “ಅದು ನನಗೇ ಹೊಳೀಬೇಕಿತ್ತು” ಎಂದು ಹೊದಿಕೆ ತಾವೇ ಮಡಚಿದರು.

ಕಚೇರಿಯವರು ತಪಾಸಣೆಗೆ ಬರುವ ಬೆಳಿಗ್ಗೆ ಬು ಯಾತುನ್ ಬೆಲ್ಲದ ಕೆಂಪು ಗಂಜಿ, ತೆಂಗಿನ ಹಾಲಿನ ಬಿಳಿ ಗಂಜಿ ಮಾಡಿ ತಂದು ಹದಿಮೂರರ ಮುಂದೆ ಇಟ್ಟರು. ಹಿರಿಯರಾಗಿ ಪಾಕ್ ಕುಂಚೊರೊ ಹೊಸ ಹೆಸರುಗಳನ್ನು ಗಟ್ಟಿಯಾಗಿ ಕೂಗಿದರು. ‘ಬೆಳ್ಳುಳ್ಳಿ’ ಎನ್ನುವಾಗ ಮಾತ್ರ ದನಿ ಸ್ವಲ್ಪ ಇಳಿಯಿತು. ಮಕ್ಕಳು ಗಂಜಿ ತಿಂದರು. ಗಿಲಾಂಗ್ ಎರಡು ಬಟ್ಟಲು ತಿಂದು, ಹದಿಮೂರಕ್ಕೂ ಸರಿ ಗುರುತು ಹಾಕಿದ.

ಪರೀಕ್ಷೆಯ ದಿನ ಆರು ಗಂಟೆಗೇ ಶಾಲೆಯ ಮುಂದೆ ಪಿಕಪ್ ನಿಂತಿತ್ತು.

“ಯಾರು ಕರೆದಿದ್ದು?” ಎಂದರು ಬು ಯಾತುನ್. ಡ್ರೈವರ್ ಲಾಸ್ಮೊ ಕಣ್ಣಲ್ಲೇ ಹೆಡ್‌ಮಾಸ್ಟರ ಕೋಣೆ ತೋರಿಸಿದ. ಪಾಕ್ ಕುಂಚೊರೊ ಟೋಪಿ ಸರಿಮಾಡಿಕೊಂಡರು. “ಮುಂಜಾಗ್ರತೆ ಬು... ಅಕಸ್ಮಾತ್...”

ಬು ಯಾತುನ್ ಮಕ್ಕಳನ್ನು ಒಳಗೆ ಕೂರಿಸಿ ಬಾಗಿಲು ಹಾಕಿದರು.

ಒಂಬತ್ತೂಕಾಲಿಗೆ ಗಾರೆಂಗ್ ನಿಂತುಬಿಟ್ಟ. ಅದರ ಮುಂದೆ ಕೂತಿದ್ದ ಸುಲಾಸಿಹ್ ಕೈ ಎತ್ತಿದಳು. ಕಣ್ಣಲ್ಲಿ ನೀರು. ಕಿಟಕಿಯ ಹೊರಗೆ ಪಾಕ್ ಕುಂಚೊರೊ ಪಿಕಪ್ಪಿನತ್ತ ಎರಡು ಹೆಜ್ಜೆ ಇಟ್ಟರು.

“ಅಳಬೇಡ ಮಗಳೇ. ಬರೆದದ್ದು ಎಲ್ಲೂ ಹೋಗಿಲ್ಲ. ಎದ್ದು ಸೆಮಾರ್ ಮುಂದೆ ಕೂತ್ಕೊ” ಎಂದರು ಬು ಯಾತುನ್. ಅವಳ ಗುರುತಿನ ಸಂಖ್ಯೆ ಒತ್ತಿದ್ದೇ ತಡ, ಹನ್ನೊಂದನೇ ಪ್ರಶ್ನೆ ಬಿಟ್ಟಲ್ಲೇ ಕಾದಿತ್ತು. ಅಲ್ಲಿಂದ ಮುಂದೆ ಯಾವುದೂ ನಿಲ್ಲಲಿಲ್ಲ. ನಿಂತಿದ್ದರೆ ಬು ಯಾತುನ್ ಅದನ್ನು ಮತ್ತೆ ಎಬ್ಬಿಸುತ್ತಿದ್ದರು. ಅವರು ನಿಂತಿದ್ದ ರೀತಿಯೇ ಹಾಗಿತ್ತು.

ಹನ್ನೆರಡು ಮಕ್ಕಳೂ ಮುಗಿಸಿ ಹೊರಬಂದು, ಚಪ್ಪಲಿ ಹುಡುಕಿ, ಮನೆಯ ಕಾಲುದಾರಿ ಹಿಡಿದು ಓಡಿದವು. ಅಲ್ಲಿಯವರೆಗೂ ಮರದಡಿ ಕೂತಿದ್ದ ಲಾಸ್ಮೊ ಕೇಳಿದ: “ಬು, ಹೋದ ವರ್ಷ ಗುಜರಿಗೆ ಸಾಗಿಸು ಅಂತ ಹೆಡ್‌ಮಾಸ್ಟರು ನನಗೆ ಹೇಳಿದ್ರಲ್ಲ, ಆ ಡಬ್ಬಗಳಲ್ವಾ ಇವು?”

“ಇವೇ.”

“ಮತ್ತೆ ನನ್ನ ಗಾಡಿ?”

“ಬಂದಿದೀಯಲ್ಲ, ಖಾಲಿ ಯಾಕೆ ಹೋಗ್ತೀಯ? ನಾಲ್ಕು ವೀರರು ಒಳಗೆ ಮಲಗಿದಾರೆ, ಅವರನ್ನ ತಗೊಂಡು ಹೋಗು” ಎಂದು ಬು ಯಾತುನ್ ಸ್ಕ್ರೂಡ್ರೈವರ್ ಹಿಡಿದು ಗಾರೆಂಗ್‌ನ ಹೊಟ್ಟೆ ಬಿಚ್ಚಲು ಕೂತರು. ಮರುದಿನವೂ ಪರೀಕ್ಷೆಯಿತ್ತು. ಹೆಚ್ಚುವರಿ ಒಂದು ಬೇಕಲ್ಲ.